ಬಾಳಸಂಗಾತಿ ಮತ್ತು ಆರೋಗ್ಯ: ಒಂಟಿಯಾದವರ ಬಗ್ಗೆ ಸಮುದಾಯ ಯೋಚಿಸಲಿ

(ಕೊಡಗಿನ ಕುಟುಂಬ ಸಂಗಮವೊಂದರಲ್ಲಿ ನೀಡಿದ ಭಾಷಣದ ಬರಹ ರೂಪ)





ದಾಂಪತ್ಯದ ಬಗ್ಗೆ ನಮ್ಮ ಸಭೆಗಳಲ್ಲಿ ಸಾಕಷ್ಟು ಭಾಷಣಗಳಾಗಿವೆ. ವರದಕ್ಷಿಣೆಯ ಪಿಡುಗು, ಮದುವೆಯ ದುಂದುವೆಚ್ಚ, ಪತಿ ಪತ್ನಿಯರ ಹಕ್ಕು ಬಾಧ್ಯತೆಗಳು, ಹೀಗೆ ವಿಷಯಗಳ ಪಟ್ಟಿ ನಮಗೆಲ್ಲ ಪರಿಚಿತ. ಆರೋಗ್ಯದ ಬಗ್ಗೆಯೂ ಶಿಬಿರಗಳು ನಡೆಯುತ್ತವೆ. ವೈದ್ಯರು ಬರುತ್ತಾರೆ, ರಕ್ತದೊತ್ತಡ ನೋಡುತ್ತಾರೆ, ಸಕ್ಕರೆ ಪ್ರಮಾಣ ಪರೀಕ್ಷಿಸುತ್ತಾರೆ, ಚೀಟಿ ಬರೆದುಕೊಟ್ಟು ಹೋಗುತ್ತಾರೆ. ಆದರೆ ಈ ಎರಡು ವಿಷಯಗಳ ನಡುವೆ ಒಂದು ಗಾಢ ಸಂಬಂಧವಿದೆ ಎಂಬುದನ್ನು ನಾವು ಅಷ್ಟಾಗಿ ಚಿಂತಿಸಿಲ್ಲ. ಮನೆಯಲ್ಲಿ ಒಬ್ಬ ಸಂಗಾತಿ ಇರುವುದಕ್ಕೂ ದೇಹ ಮತ್ತು ಮನಸ್ಸು ನೆಮ್ಮದಿಯಿಂದಿರುವುದಕ್ಕೂ ಏನು ನಂಟು? ನಂಟು ಇದೆಯೆಂದಾದರೆ, ಸಂಗಾತಿಯನ್ನು ಕಳೆದುಕೊಂಡವರ ಪಾಡೇನು? ಸಂಗಾತಿ ಇದ್ದೂ ಸೊರಗುತ್ತಿರುವವರ ಪಾಡೇನು? ಇಂದು ನನಗೆ ದೊರೆತ ಸಮಯದಲ್ಲಿ ಈ ಮೂರು ಪ್ರಶ್ನೆಗಳನ್ನು ನಿಮ್ಮ ಮುಂದಿಡಲು ಬಯಸುತ್ತೇನೆ.

ಅಂಕಿ ಅಂಶಗಳು ಏನು ಹೇಳುತ್ತವೆ?

ಈ ಪ್ರಶ್ನೆ ಹೊಸದೇನಲ್ಲ. 1858ರಲ್ಲಿ ವಿಲಿಯಂ ಫಾರ್ ಎಂಬ ಇಂಗ್ಲೆಂಡಿನ ಅಂಕಿಸಂಖ್ಯಾ ತಜ್ಞ ಫ್ರಾನ್ಸ್ ದೇಶದ ಮರಣ ದಾಖಲೆಗಳನ್ನು ಕೈಗೆತ್ತಿಕೊಂಡು ಜನರನ್ನು ಅವಿವಾಹಿತರು, ವಿವಾಹಿತರು, ಸಂಗಾತಿಯನ್ನು ಕಳೆದುಕೊಂಡವರು ಎಂದು ಮೂರಾಗಿ ವಿಂಗಡಿಸಿ ನೋಡಿದರು. ವಿವಾಹಿತರು ಉಳಿದ ಇಬ್ಬರಿಗಿಂತ ಹೆಚ್ಚು ಕಾಲ ಬದುಕುತ್ತಾರೆಂದು ಅವರಿಗೆ ಕಂಡುಬಂತು. ಆ ಬಳಿಕದ ಒಂದೂವರೆ ಶತಮಾನದಲ್ಲಿ ಅನೇಕ ದೇಶಗಳಲ್ಲಿ ಇದೇ ಪ್ರಶ್ನೆಯ ಅಧ್ಯಯನ ನಡೆದಿದೆ. ಉತ್ತರ ಬಹುಮಟ್ಟಿಗೆ ಅದೇ ಆಗಿದೆ.

1969ರಲ್ಲಿ ಬ್ರಿಟನ್ನಿನ ಮೂವರು ಸಂಶೋಧಕರು ಪತ್ನಿಯನ್ನು ಕಳೆದುಕೊಂಡ, 55 ವರ್ಷ ಮೀರಿದ 4,486 ಪುರುಷರ ಕುರಿತಾದ ಅಧ್ಯಯನವೊಂದನ್ನು ಪ್ರಕಟಿಸಿದರು. ಪತ್ನಿ ತೀರಿಕೊಂಡ ಮೊದಲ ಆರು ತಿಂಗಳಲ್ಲಿ ಇವರ ಸಾವಿನ ಪ್ರಮಾಣವು ಅದೇ ವಯಸ್ಸಿನ ವಿವಾಹಿತ ಪುರುಷರಿಗಿಂತ ಶೇ. 40ರಷ್ಟು ಹೆಚ್ಚಾಗಿತ್ತು. ಈ ಹೆಚ್ಚಳಕ್ಕೆ ಮುಖ್ಯ ಕಾರಣ ಹೃದಯದ ಕಾಯಿಲೆಯೇ ಆಗಿತ್ತು. 'ಅವಳು ಹೋದ ಮೇಲೆ ಆತ ಹೆಚ್ಚು ದಿನ ಉಳಿಯಲಿಲ್ಲ' ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಅದು ಬರಿಯ ಮಾತಾಗಿರಲಿಲ್ಲ. ದುಃಖದ ಆಘಾತಕ್ಕೆ ಹೃದಯದ ಸ್ನಾಯುವೇ ಏಕಾಏಕಿ ದುರ್ಬಲವಾಗುವ ಒಂದು ಸ್ಥಿತಿಯನ್ನು ಜಪಾನಿನ ವೈದ್ಯರು 1990ರಲ್ಲಿ ಗುರುತಿಸಿದರು. ಆಗ ಹೃದಯದ ಆಕಾರವು ಅಲ್ಲಿನ ಮೀನುಗಾರರು ಅಷ್ಟಪಾದಿಯನ್ನು ಹಿಡಿಯಲು ಬಳಸುವ ಮಡಕೆಯಂತೆ ಕಾಣುತ್ತದೆ. ಆದ್ದರಿಂದ 'ತಕೊತ್ಸುಬೊ' ಎಂಬ ಆ ಮಡಕೆಯ ಹೆಸರನ್ನೇ ಕಾಯಿಲೆಗೂ ಇಟ್ಟರು. ಇದು ಹೆಚ್ಚಾಗಿ ಕಂಡುಬರುವುದು ಮುಟ್ಟು ನಿಂತ ವಯಸ್ಸಿನ ಮಹಿಳೆಯರಲ್ಲಿ.

ಕ್ಯಾನ್ಸರಿನ ವಿಷಯದಲ್ಲಿ ಅಮೆರಿಕದಲ್ಲಿ ಏಳು ಲಕ್ಷಕ್ಕೂ ಅಧಿಕ ರೋಗಿಗಳ ದಾಖಲೆಗಳನ್ನಾಧರಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ವಿವಾಹಿತರಲ್ಲಿ ರೋಗವು ದೇಹದ ಇತರ ಭಾಗಗಳಿಗೆ ಹರಡುವ ಮೊದಲೇ ಪತ್ತೆಯಾಗುವ ಸಾಧ್ಯತೆ ಹೆಚ್ಚು, ಸೂಕ್ತ ಚಿಕಿತ್ಸೆ ದೊರೆಯುವ ಸಾಧ್ಯತೆ ಹೆಚ್ಚು, ಆ ರೋಗದಿಂದ ಸಾಯುವ ಸಾಧ್ಯತೆ ಸುಮಾರು ಶೇ. 20ರಷ್ಟು ಕಡಿಮೆ ಎಂದು ಅದು ತಿಳಿಸಿತು. ಔಷಧಿ ಅದೇ, ಆಸ್ಪತ್ರೆಗಳೂ ಅವೇ. ಆದರೆ ಒಬ್ಬ ರೋಗಿಯ ಜೊತೆಗೆ ಒಂದು ಜೀವವಿತ್ತು, ಇನ್ನೊಬ್ಬನ ಜೊತೆಗೆ ಇರಲಿಲ್ಲ.

ಸಂಗಾತಿ ಕಾಯುವುದು ಹೇಗೆ?

ಇದು ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ತಿಳಿಯಲು ನಮ್ಮ ಕೊಡಗನ್ನೇ ನೋಡೋಣ. ಇದು ರೈಲು ಮಾರ್ಗವಿಲ್ಲದ ಜಿಲ್ಲೆ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾದದ್ದು 2016ರಲ್ಲಿ. ಇಂದಿಗೂ ದೊಡ್ಡ ಕಾಯಿಲೆಯೆಂದರೆ ಒಂದೋ ಮೈಸೂರು, ಇಲ್ಲವೇ ಘಟ್ಟ ಇಳಿದು ಮಂಗಳೂರು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ ಸಂಪಾಜೆ ರಸ್ತೆಯೇ ಮುಚ್ಚಿಹೋದಾಗ ನಾವೆಷ್ಟು ಅಸಹಾಯಕರಾದೆವು ಎಂಬುದು ನಿಮಗೆಲ್ಲ ನೆನಪಿದೆ. ಜುಲೈ ತಿಂಗಳ ಮಳೆಯ ರಾತ್ರಿಯಲ್ಲಿ, ಕರೆಂಟು ಹೋಗಿ ಎರಡು ದಿನವಾಗಿರುವಾಗ, ತೋಟದ ನಡುವಿನ ಮನೆಯಲ್ಲಿ ಒಬ್ಬ ವ್ಯಕ್ತಿಗೆ ಎದೆ ನೋವು ಕಾಣಿಸಿಕೊಂಡಿತು ಎಂದಿಟ್ಟುಕೊಳ್ಳಿ. 'ಗ್ಯಾಸ್ಟ್ರಿಕ್ ಇರಬೇಕು, ಬೆಳಿಗ್ಗೆ ನೋಡೋಣ' ಎಂದು ಆತ ಮಗ್ಗುಲು ಬದಲಿಸುತ್ತಾನೆ. 'ಬೆಳಿಗ್ಗೆವರೆಗೆ ಕಾಯುವುದು ಬೇಡ, ಈಗಲೇ ಹೊರಡಿ' ಎಂದು ಹಟ ಹಿಡಿದು ನೆರೆಮನೆಯವರನ್ನು ಎಬ್ಬಿಸಿ ಜೀಪು ತರಿಸುವವಳು ಪಕ್ಕದಲ್ಲಿರುವ ಪತ್ನಿ. ಆಕೆ ಇಲ್ಲದ ಮನೆಯಲ್ಲಿ ಆ ಬೆಳಗು ಬಾರದೆಯೂ ಹೋಗಬಹುದು.

ಇಷ್ಟೇ ಅಲ್ಲ. ಮಾತ್ರೆ ತಪ್ಪದಂತೆ ನೆನಪಿಸುವವರು, ಉಪ್ಪು ಕಡಿಮೆ ಮಾಡುವವರು, ನಿದ್ದೆಯಲ್ಲಿ ಉಸಿರಾಟ ಬೇರೆಯಾದುದನ್ನು ಗಮನಿಸುವವರು, ಮೈಯಲ್ಲೆಲ್ಲೋ ಗಂಟು ಕಾಣಿಸಿಕೊಂಡರೆ ಕೇಳುವವರು ಮನೆಯಲ್ಲಿ ಬೇಕು. ತಮ್ಮ ಕಾಯಿಲೆಯನ್ನು ತಾವೇ ಬಚ್ಚಿಡುವುದು ಮನುಷ್ಯ ಸಹಜ ಗುಣ. ಅದನ್ನು ಪತ್ತೆ ಹಚ್ಚುವ ಕಣ್ಣು ಸಂಗಾತಿಯದು.

ಮನಸ್ಸಿನ ಮೇಲಾಗುವ ಪರಿಣಾಮ ಇನ್ನೂ ಸೂಕ್ಷ್ಮವಾದುದು. 2006ರಲ್ಲಿ ಅಮೆರಿಕದಲ್ಲಿ 16 ವಿವಾಹಿತ ಮಹಿಳೆಯರ ಮೇಲೆ ಒಂದು ಪ್ರಯೋಗ ನಡೆಯಿತು. ಅವರಿಗೆ ಸಣ್ಣದಾಗಿ ವಿದ್ಯುತ್ ಸ್ಪರ್ಶವಾಗಲಿದೆ ಎಂದು ಮೊದಲೇ ಸೂಚನೆ ಕೊಟ್ಟು, ಆ ಭಯದ ಹೊತ್ತಿನಲ್ಲಿ ಮೆದುಳು ಹೇಗೆ ವರ್ತಿಸುತ್ತದೆಂದು ಯಂತ್ರದ ಮೂಲಕ ನೋಡಲಾಯಿತು. ಪತಿ ಕೈ ಹಿಡಿದುಕೊಂಡಾಗ ಮೆದುಳಿನ ಆತಂಕ ತಗ್ಗುತ್ತಿತ್ತು. ಅಪರಿಚಿತನೊಬ್ಬ ಕೈ ಹಿಡಿದಾಗ ಅಷ್ಟು ತಗ್ಗುತ್ತಿರಲಿಲ್ಲ. ಇನ್ನೊಂದು ಅಂಶವೂ ಕಂಡುಬಂತು. ದಾಂಪತ್ಯ ಎಷ್ಟು ಮಧುರವಾಗಿತ್ತೋ ಪತಿಯ ಕೈ ಅಷ್ಟು ಸಾಂತ್ವನ ನೀಡುತ್ತಿತ್ತು.

ಈ ಪ್ರಯೋಗವನ್ನು ಓದಿದಾಗ ಯಾವ ಮುಸಲ್ಮಾನನಿಗೂ ಹಿರಾ ಗುಹೆಯ ಘಟನೆ ನೆನಪಾಗದಿರದು. ಪ್ರಥಮ ದಿವ್ಯವಾಣಿಯ ಭಾರದಿಂದ ನಡುಗುತ್ತಾ ಪ್ರವಾದಿವರ್ಯರು(ಸ) ಓಡಿ ಬಂದದ್ದು ತಮ್ಮ ಪತ್ನಿ ಖದೀಜಾ(ರ)ರ ಬಳಿಗೆ. ಅವರು ಹೊದಿಸಿದರು, ನಡುಕ ಇಳಿಯುವವರೆಗೆ ಕಾದರು, ಪತಿಯ ಒಂದೊಂದೇ ಸದ್ಗುಣವನ್ನು ನೆನಪಿಸಿ ಧೈರ್ಯ ತುಂಬಿದರು, ಬಳಿಕ ತಿಳಿದವರ ಬಳಿಗೆ ಕರೆದೊಯ್ದರು. ಅಂತಹ ಸಂಗಾತಿ ತೀರಿಕೊಂಡ ವರ್ಷವನ್ನು ಇತಿಹಾಸವು ದುಃಖದ ವರ್ಷವೆಂದೇ ಗುರುತಿಸಿದೆ. ಪತಿ ಪತ್ನಿಯರನ್ನು ಪರಸ್ಪರರ ಉಡುಪಿಗೆ ಹೋಲಿಸಿದ, ದಾಂಪತ್ಯದ ಉದ್ದೇಶವೇ ಮನಶ್ಶಾಂತಿ, ಪ್ರೀತಿ ಮತ್ತು ಕರುಣೆ ಎಂದು ಕಲಿಸಿದ ಪವಿತ್ರ ಕುರ್‌ಆನ್‌ನ ಪಾಠವನ್ನು ನಾವು ನಿಕಾಹ್‌ನ ಖುತ್ಬಾದಲ್ಲಿ ಕೇಳುತ್ತೇವೆ. ಅದು ಆರೋಗ್ಯದ ಪಾಠವೂ ಹೌದು.

ಮದುವೆ ಔಷಧವಲ್ಲ

ಸಹೋದರರೇ, ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕಾಗಿದೆ. ಮದುವೆಯಾದವರು ಆರೋಗ್ಯವಂತರು ಎಂದ ಮಾತ್ರಕ್ಕೆ ಮದುವೆ ಮಾಡಿಸಿದರೆ ಆರೋಗ್ಯ ಬರುತ್ತದೆ ಎಂದು ಅರ್ಥವಲ್ಲ. ಆರೋಗ್ಯವಂತರಿಗೆ, ದುಡಿಯಬಲ್ಲವರಿಗೆ ಮದುವೆ ಬೇಗ ಕೂಡಿಬರುತ್ತದೆ ಎಂಬುದೂ ಈ ಅಂಕಿ ಅಂಶಗಳ ಹಿಂದಿರುವ ಒಂದು ಕಾರಣ. ಇಮಾಮ್ ನವವಿ, ಇಬ್ನು ತೈಮಿಯ್ಯರಂತಹ ಮಹಾನ್ ವಿದ್ವಾಂಸರು ಮದುವೆಯಾಗಲೇ ಇಲ್ಲ. ಶಿಷ್ಯರು, ಗ್ರಂಥಗಳು, ಸೇವೆ ಇವುಗಳ ನಡುವೆ ಅವರ ಬದುಕು ತುಂಬಿಕೊಂಡಿತ್ತು. ಆದ್ದರಿಂದ ಅವಿವಾಹಿತರಾಗಿ ಉಳಿದ ಸಹೋದರಿಯನ್ನೋ ಸಹೋದರನನ್ನೋ ಕಂಡಕಂಡಲ್ಲಿ ಮರುಕದಿಂದ ಮಾತನಾಡಿಸಿ ನೋಯಿಸುವುದು ಬೇಡ.

ಇದಕ್ಕಿಂತ ಗಂಭೀರವಾದ ಒಂದು ತಪ್ಪು ನಮ್ಮಲ್ಲಿ ನಡೆಯುತ್ತಿದೆ. ಯುವಕನಿಗೆ ಮಾನಸಿಕ ಕಾಯಿಲೆ ಇದೆ, ಅಥವಾ ಆತ ಅಮಲು ಪದಾರ್ಥಗಳ ಚಟಕ್ಕೆ ಬಿದ್ದಿದ್ದಾನೆ. ಮನೆಯವರು ಏನು ಮಾಡುತ್ತಾರೆ? 'ಒಂದು ಮದುವೆ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆ' ಎಂದು ದೂರದ ಊರಿನ ಬಡ ಹೆಣ್ಣೊಬ್ಬಳನ್ನು ಹುಡುಕುತ್ತಾರೆ. ಕಾಯಿಲೆಯನ್ನು ಮುಚ್ಚಿಡುತ್ತಾರೆ. ಮದುವೆಯ ಗಡಿಬಿಡಿಯಲ್ಲಿ ಮಾತ್ರೆ ನಿಲ್ಲಿಸುತ್ತಾರೆ. ಕೆಲವೇ ವಾರಗಳಲ್ಲಿ ಕಾಯಿಲೆ ಮರುಕಳಿಸುತ್ತದೆ. 'ಇವಳ ಕಾಲ್ಗುಣ ಸರಿಯಿಲ್ಲ' ಎಂಬ ಆರೋಪ ಆ ಹೆಣ್ಣಿನ ತಲೆಗೆ ಬರುತ್ತದೆ. ಇಬ್ಬರ ಬದುಕೂ ಹಾಳಾಗುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿಯೂ ಹೀಗೆಯೇ ನಡೆಯುವುದುಂಟು. ಮಾನಸಿಕ ಕಾಯಿಲೆ ಇರುವವರು ಮದುವೆಯಾಗಬಾರದು ಎಂದು ನಾನು ಹೇಳುತ್ತಿಲ್ಲ. ಚಿಕಿತ್ಸೆ ಪಡೆದು, ಸ್ಥಿರವಾಗಿ, ವಿಷಯವನ್ನು ಎದುರು ಕಡೆಯವರಿಗೆ ತಿಳಿಸಿ, ಅವರು ಮನಸಾರೆ ಒಪ್ಪಿದರೆ ಆ ದಾಂಪತ್ಯ ಚೆನ್ನಾಗಿಯೇ ನಡೆಯಬಹುದು. ಮುಚ್ಚಿಟ್ಟು ಮಾಡುವುದು ವಂಚನೆ. ವ್ಯಾಪಾರದಲ್ಲಿ ಸರಕಿನ ದೋಷ ಮುಚ್ಚಿಡುವುದನ್ನೇ ನಿಷೇಧಿಸಿದ ಧರ್ಮವು ಇದನ್ನು ಹೇಗೆ ಸಹಿಸೀತು?

ನೋಯಿಸುವ ದಾಂಪತ್ಯ

ಮೂರನೆಯ ಪ್ರಶ್ನೆಗೆ ಬರೋಣ. ಸಂಗಾತಿ ಇದ್ದೂ ಸೊರಗುವವರು ಯಾರು?

ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 42 ದಂಪತಿಗಳ ತೋಳಿನ ಮೇಲೆ ಸಣ್ಣ ಗಾಯಗಳನ್ನು ಮಾಡಿ, ಅವು ಎಷ್ಟು ಬೇಗ ಮಾಯುತ್ತವೆಂದು ಪರೀಕ್ಷಿಸಿದರು. 2005ರಲ್ಲಿ ಫಲಿತಾಂಶ ಪ್ರಕಟವಾಯಿತು. ಪರಸ್ಪರ ಹಗೆತನದಿಂದ ಮಾತನಾಡುತ್ತಿದ್ದ ದಂಪತಿಗಳ ಗಾಯವು ಉಳಿದವರ ಗಾಯಕ್ಕೆ ಹೋಲಿಸಿದರೆ ಶೇ. 60ರಷ್ಟು ವೇಗದಲ್ಲಿ ಮಾತ್ರ ಮಾಯುತ್ತಿತ್ತು. ಮನೆಯ ಜಗಳ ಮನಸ್ಸಿನಲ್ಲಷ್ಟೇ ಉಳಿಯುವುದಿಲ್ಲ. ಅದು ರಕ್ತಕ್ಕಿಳಿಯುತ್ತದೆ, ರೋಗನಿರೋಧಕ ಶಕ್ತಿಯನ್ನು ಕುಂದಿಸುತ್ತದೆ, ರಕ್ತದೊತ್ತಡವನ್ನು ಏರಿಸುತ್ತದೆ.

ನಮ್ಮ ರಾಜ್ಯದ ಚಿತ್ರಣವೇನು? 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ, ಮದುವೆಯಾದ ಮಹಿಳೆಯರಲ್ಲಿ ಶೇ. 44.4 ಮಂದಿ ಪತಿಯಿಂದ ಹಿಂಸೆ ಅನುಭವಿಸಿದ್ದರು. ಇಡೀ ದೇಶದಲ್ಲಿ ಇದೇ ಅತಿ ಹೆಚ್ಚು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಂತೆ 2020ರಲ್ಲಿ ದೇಶದಲ್ಲಿ 22,372 ಗೃಹಿಣಿಯರು ಆತ್ಮಹತ್ಯೆ ಮಾಡಿಕೊಂಡರು. ಇವರೆಲ್ಲ ಮನೆ ಮಠ ನಡೆಸುತ್ತಿದ್ದವರು. ಈ ಸಂಖ್ಯೆಗಳು ಯಾವುದೋ ಒಂದು ಧರ್ಮದವರ ಲೆಕ್ಕವಲ್ಲ, ಎಲ್ಲರದೂ. ನಮ್ಮ ಮನೆಗಳು ಇದಕ್ಕೆ ಹೊರತು ಎಂದು ಎದೆತಟ್ಟಿ ಹೇಳಬಲ್ಲ ಧೈರ್ಯ ನಮಗಿದೆಯೇ? ಹೊಡೆತ ತಿಂದು ತವರಿಗೆ ಬಂದ ಮಗಳಿಗೆ 'ಸಹಿಸಿಕೋ, ಹೆಣ್ಣಾಗಿ ಹುಟ್ಟಿದ ಮೇಲೆ ಇದೆಲ್ಲ ಇದ್ದದ್ದೇ' ಎಂದು ಬುದ್ಧಿ ಹೇಳಿ ಕಳುಹಿಸಿದ ಎಷ್ಟು ತಂದೆ ತಾಯಂದಿರು ಆಮೇಲೆ ಜೀವಮಾನವಿಡೀ ಕಣ್ಣೀರು ಸುರಿಸಿಲ್ಲ?

ಹಿಂಸೆಯೆಂದರೆ ಹೊಡೆತ ಮಾತ್ರವಲ್ಲ. 1981ರಲ್ಲಿ ಜಪಾನಿನ ಹಿರಾಯಾಮ ಎಂಬ ವಿಜ್ಞಾನಿ, ಸ್ವತಃ ಧೂಮಪಾನ ಮಾಡದ ತೊಂಬತ್ತು ಸಾವಿರಕ್ಕೂ ಅಧಿಕ ಗೃಹಿಣಿಯರ ಮಾಹಿತಿಯನ್ನು ಪರಿಶೀಲಿಸಿ, ಪತಿ ಹೆಚ್ಚು ಸಿಗರೇಟು ಸೇದುವವನಾದರೆ ಪತ್ನಿಗೆ ಶ್ವಾಸಕೋಶದ ಕ್ಯಾನ್ಸರ್ ಬರುವ ಅಪಾಯ ಹೆಚ್ಚು ಎಂದು ತೋರಿಸಿಕೊಟ್ಟರು. ಮಳೆಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿದ ಕೊಡಗಿನ ಮನೆಯೊಳಗೆ ಬೀಡಿ ಸೇದುವ ಸಹೋದರರು ಇದನ್ನೊಮ್ಮೆ ಯೋಚಿಸಬೇಕು. 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಂತೆ ಭಾರತದಲ್ಲಿ ನಡುವಯಸ್ಸಿನ ಮತ್ತು ಹಿರಿಯ ವಯಸ್ಸಿನ ಐದು ದಂಪತಿಗಳಲ್ಲಿ ಸುಮಾರು ಒಂದು ಜೋಡಿಗೆ, ಅಂದರೆ ಗಂಡ ಹೆಂಡತಿ ಇಬ್ಬರಿಗೂ, ಅಧಿಕ ರಕ್ತದೊತ್ತಡವಿದೆ. ಉಣ್ಣುವ ಅನ್ನ ಒಂದೇ, ಬದುಕುವ ರೀತಿ ಒಂದೇ, ಆದ್ದರಿಂದ ಕಾಯಿಲೆಯೂ ಒಂದೇ ಆಗಿಬಿಡುತ್ತದೆ. ಗಂಡನಿಗೆ ಮಾತ್ರ ಪಥ್ಯದ ಅಡುಗೆ ಮಾಡಿಟ್ಟು, ಉಳಿದದ್ದನ್ನು ತಾನು ತಿನ್ನುವ ಗೃಹಿಣಿಯರಿದ್ದಾರೆ. ಅವರ ರಕ್ತ ಪರೀಕ್ಷೆ ಮಾಡಿಸಿ ಎಷ್ಟು ವರ್ಷವಾಯಿತು ಎಂದು ಇಂದು ಮನೆಗೆ ಹೋದ ಮೇಲೆ ಪುರುಷರು ವಿಚಾರಿಸಬೇಕು.

ಸಲ್ಮಾನ್(ರ) ತಮ್ಮ ಆತ್ಮೀಯ ಅಬುದ್ದರ್ದಾ(ರ)ರ ಮನೆಗೆ ಹೋದ ಪ್ರಸಂಗ ನಿಮಗೆ ಗೊತ್ತಿದೆ. ಆ ಮನೆಯ ಗೃಹಿಣಿ ಮಾಸಿದ ಉಡುಪಿನಲ್ಲಿದ್ದರು. ಪತಿ ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್, ಪತ್ನಿಯ ಕಡೆಗೆ ಗಮನವೇ ಇಲ್ಲ. ದೇವನಿಗೆ ಹಕ್ಕಿರುವಂತೆ ನಿನ್ನ ದೇಹಕ್ಕೂ ನಿನ್ನ ಮನೆಯವರಿಗೂ ಹಕ್ಕಿದೆ ಎಂದು ಸಲ್ಮಾನ್ ತಿದ್ದಿದರು. ಪ್ರವಾದಿವರ್ಯರು(ಸ) ಆ ಮಾತನ್ನು ಸತ್ಯವೆಂದು ಒಪ್ಪಿದರು. ಆರಾಧನೆಯೇ ಪತ್ನಿಯನ್ನು ಕಡೆಗಣಿಸಲು ನೆಪವಾಗಬಾರದು ಎಂದ ಮೇಲೆ, ಮೊಬೈಲು, ಗೆಳೆಯರ ಬಳಗ, ರಾಜಕೀಯ ಪಕ್ಷದ ಕೆಲಸ ಇವು ನೆಪವಾಗಲು ಸಾಧ್ಯವೇ?

ದೂರದ ದಾಂಪತ್ಯ

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ವರ್ಗವಿದೆ. ಕಾಗದದಲ್ಲಿ ವಿವಾಹಿತರು, ಬದುಕಿನಲ್ಲಿ ಒಂಟಿಗಳು. ವಿರಾಜಪೇಟೆ, ನಾಪೋಕ್ಲು, ಸಿದ್ದಾಪುರ, ಸುಂಟಿಕೊಪ್ಪ, ಕುಶಾಲನಗರ, ಎಲ್ಲಿಗೇ ಹೋಗಿ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರ ಮನೆಗಳು ಸಿಗುತ್ತವೆ. ಅಲ್ಲಿಂದ ಬಂದ ಹಣದಿಂದ ಮನೆಗಳೆದ್ದಿವೆ, ಮಕ್ಕಳು ಇಂಜಿನಿಯರಿಂಗ್ ಓದಿದ್ದಾರೆ, ಮಸೀದಿಗಳು ಭವ್ಯವಾಗಿವೆ. ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಂಗಡಿಯಲ್ಲೋ ಗೋದಾಮಿನಲ್ಲೋ ದುಡಿಯುವವನಿಗೆ ಪತ್ನಿಯನ್ನು ಕರೆಸಿಕೊಳ್ಳುವುದು ಸುಲಭವಲ್ಲ. ಯುಎಇಯಲ್ಲಿ 2019ರಲ್ಲಿ ಮಾಡಿದ ನಿಯಮದಂತೆ ಕುಟುಂಬವನ್ನು ಕರೆಸಲು ತಿಂಗಳಿಗೆ 4,000 ದಿರ್ಹಮ್, ಅಥವಾ ವಸತಿಯೊಂದಿಗೆ 3,000 ದಿರ್ಹಮ್ ವೇತನವಿರಬೇಕು. ಸೌದಿ ಅರೇಬಿಯ 2017ರಲ್ಲಿ ವಿದೇಶಿಯರ ಪ್ರತಿ ಅವಲಂಬಿತರ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿತು. ಅದು ವರ್ಷವರ್ಷ ಏರಿ 2020ರಲ್ಲಿ 400 ರಿಯಾಲ್ ಆಯಿತು. ಜೊತೆಗಿದ್ದ ಎಷ್ಟೋ ಕುಟುಂಬಗಳು ಆಗ ಊರಿಗೆ ಮರಳಿದವು.

ಪರಿಣಾಮವಾಗಿ, ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಇಪ್ಪತ್ತು ವರ್ಷಗಳ ದಾಂಪತ್ಯದಲ್ಲಿ ಕೂಡಿ ಬಾಳಿದ್ದು ಒಟ್ಟು ಇಪ್ಪತ್ತು ತಿಂಗಳು! ಅಲ್ಲಿ ಒಂದೇ ಕೋಣೆಯಲ್ಲಿ ಎಂಟು ಜನರ ನಡುವೆ, ಹೊತ್ತಲ್ಲದ ಹೊತ್ತಿನ ಊಟದಿಂದ ಸಕ್ಕರೆ ಕಾಯಿಲೆ ಅಂಟಿಸಿಕೊಂಡ ಪತಿ. ಇಲ್ಲಿ ಅತ್ತೆ ಮಾವ, ಮಕ್ಕಳು, ಬ್ಯಾಂಕು, ಆಸ್ಪತ್ರೆ ಎಲ್ಲವನ್ನೂ ಒಬ್ಬಳೇ ಹೊತ್ತು, ತಲೆನೋವು, ನಿದ್ರಾಹೀನತೆ, ಕಾರಣವಿಲ್ಲದ ಅಳು ಇವುಗಳೊಂದಿಗೆ ದಿನ ದೂಡುವ ಪತ್ನಿ. ಆಕೆ ಅದನ್ನು ಯಾರಲ್ಲಿ ಹೇಳಬೇಕು? ಹೇಳಿದರೆ 'ನಿನಗೇನು ಕಡಿಮೆಯಾಗಿದೆ?' ಎಂಬ ಪ್ರಶ್ನೆ ಸಿದ್ಧವಾಗಿರುತ್ತದೆ.

ಖಲೀಫಾ ಉಮರ್(ರ) ರಾತ್ರಿ ಗಸ್ತಿನಲ್ಲಿ, ಯುದ್ಧಕ್ಕೆ ಹೋದ ಪತಿಯ ಅಗಲಿಕೆಯಿಂದ ನೊಂದು ಹಾಡಿಕೊಳ್ಳುತ್ತಿದ್ದ ಒಬ್ಬ ಸ್ತ್ರೀಯ ದನಿ ಕೇಳಿದರು. ಆಕೆಯನ್ನು ಗದರಿಸಲಿಲ್ಲ. ಮಗಳು ಹಫ್ಸಾ(ರ)ರ ಬಳಿಗೆ ಹೋಗಿ, ಪತಿಯಿಲ್ಲದೆ ಒಬ್ಬಳು ಎಷ್ಟು ಕಾಲ ತಾಳಿಕೊಳ್ಳಬಲ್ಲಳು ಎಂದು ವಿಚಾರಿಸಿದರು. ಕೆಲವು ವರದಿಗಳಲ್ಲಿ ನಾಲ್ಕು ತಿಂಗಳು, ಇನ್ನು ಕೆಲವುಗಳಲ್ಲಿ ಆರು ತಿಂಗಳು ಎಂದಿದೆ. ಅದರಂತೆ ಸೈನಿಕರನ್ನು ಮನೆಯಿಂದ ದೂರವಿರಿಸುವ ಅವಧಿಗೆ ಮಿತಿ ಹಾಕಿದರು. ಒಬ್ಬ ಹೆಣ್ಣಿನ ಒಂಟಿತನ ಅಂದು ರಾಜ್ಯದ ನೀತಿಯನ್ನು ಬದಲಿಸಿತು. ಇಂದು ನಾವು ಕನಿಷ್ಠಪಕ್ಷ ಮನೆಯ ಲೆಕ್ಕಾಚಾರವನ್ನಾದರೂ ಬದಲಿಸಬಹುದಲ್ಲವೇ? ಮನೆಗೆ ಇನ್ನೊಂದು ಮಹಡಿ ಕಟ್ಟಲು ಇನ್ನೂ ಐದು ವರ್ಷ ಅಲ್ಲಿರಬೇಕೇ ಎಂಬುದನ್ನು ಗಂಡ ಹೆಂಡತಿ ಕುಳಿತು ಮಾತನಾಡಬೇಕು. ಆ ನಿರ್ಧಾರವನ್ನು ಊರವರ ಕಣ್ಣು ಮಾಡಬಾರದು.

ಒಂಟಿಯಾದವರು

ಇನ್ನು ಸಂಗಾತಿಯನ್ನು ಸಾವಿನಿಂದಲೋ ವಿಚ್ಛೇದನದಿಂದಲೋ ಕಳೆದುಕೊಂಡವರು. 2011ರ ಜನಗಣತಿಯಂತೆ ದೇಶದಲ್ಲಿ ನಾಲ್ಕು ಕೋಟಿಗೂ ಹೆಚ್ಚು ವಿಧವೆಯರಿದ್ದರು. ಪತ್ನಿಯನ್ನು ಕಳೆದುಕೊಂಡು ಒಂಟಿಯಾಗಿದ್ದ ಪುರುಷರ ಸಂಖ್ಯೆ ಅದರ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಹೆಂಗಸರ ಆಯುಸ್ಸು ಹೆಚ್ಚು, ಗಂಡನಿಗಿಂತ ಹೆಂಡತಿಯ ವಯಸ್ಸು ಕಡಿಮೆ ಎಂಬ ಕಾರಣಗಳಿವೆ. ಆದರೆ ಗಂಡಸಿಗೆ ಬೇಗನೆ ಮರುಮದುವೆಯಾಗುತ್ತದೆ, ಹೆಂಗಸಿಗೆ ಆಗುವುದಿಲ್ಲ ಎಂಬುದೂ ದೊಡ್ಡ ಕಾರಣ. ಅದೇ ಜನಗಣತಿಯಲ್ಲಿ ಸಾವಿರ ಪುರುಷರಿಗೆ 1,019 ಮಹಿಳೆಯರಿದ್ದ ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ವಿಷಯವಲ್ಲ.

ಕೊಡಗಿನ ನೆಲಕ್ಕೆ ಮರುವಿವಾಹ ಅಪರಿಚಿತವೂ ಅಲ್ಲ. ಮೇಲ್ಜಾತಿಗಳಲ್ಲಿ ವಿಧವೆಯ ಮರುಮದುವೆಗೆ ಅವಕಾಶ ಕೊಡಿಸಲು 1856ರಲ್ಲಿ ಕಾನೂನೇ ಬೇಕಾಯಿತು. ಆದರೆ ಕೊಡವ ಸಮಾಜದಲ್ಲಿ ವಿಧವೆಯ ಮದುವೆ ಪದ್ಧತಿಯಲ್ಲೇ ಇತ್ತೆಂಬುದನ್ನು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1952ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ದಾಖಲಿಸಿದ್ದಾರೆ. ಮನೆತನದ ಹೆಸರು, ಕೊಡವ ತಕ್ಕ್ ಎರಡನ್ನೂ ಉಳಿಸಿಕೊಂಡು ಬಂದ ಮುಸ್ಲಿಮ್ ಕುಟುಂಬಗಳು ಇಂದಿಗೂ ನಮ್ಮ ನಡುವೆ ಇವೆ. ನಾಡಿನ ಪದ್ಧತಿ ಒಪ್ಪಿದ, ಧರ್ಮ ಪ್ರೋತ್ಸಾಹಿಸಿದ ಒಂದು ವಿಷಯಕ್ಕೆ ನಾವು ಯಾಕೆ ಮುಖ ಸಿಂಡರಿಸಬೇಕು? ಖದೀಜಾ(ರ) ವಿಧವೆಯಾಗಿದ್ದರು. ಉಮ್ಮು ಸಲಮಾ(ರ) ಮಕ್ಕಳಿದ್ದ ವಿಧವೆಯಾಗಿದ್ದರು. ಒಂಟಿಯಾಗಿರುವವರಿಗೆ ಮದುವೆ ಮಾಡಿಸಿರೆಂಬ ಕುರ್‌ಆನ್‌ನ ಆದೇಶ ಸಮುದಾಯವನ್ನು ಉದ್ದೇಶಿಸಿದೆ. ಅದರಲ್ಲಿ ಕನ್ಯೆ, ವಿಧವೆ ಎಂಬ ಭೇದವಿಲ್ಲ.

ಇದ್ದತ್‌ನ ವಿಷಯದಲ್ಲಿಯೂ ತಪ್ಪು ತಿಳಿವಳಿಕೆಗಳಿವೆ. ಪತಿ ತೀರಿಕೊಂಡರೆ ನಾಲ್ಕು ತಿಂಗಳು ಹತ್ತು ದಿನ, ಗರ್ಭಿಣಿಯಾದರೆ ಹೆರಿಗೆಯವರೆಗೆ. ಧರ್ಮ ಹೇಳಿದ್ದು ಇಷ್ಟು. ಆದರೆ ಕೆಲವು ಮನೆಗಳಲ್ಲಿ ಆಕೆಯನ್ನು ಕತ್ತಲ ಕೋಣೆಯಲ್ಲಿ ಕೂರಿಸಿ, ಸಕ್ಕರೆ ಕಾಯಿಲೆಯ ತಪಾಸಣೆಗೂ ಹೊರಗೆ ಬಿಡುವುದಿಲ್ಲ. ಸಂಗಾತಿಯನ್ನು ಕಳೆದುಕೊಂಡ ಮೊದಲ ತಿಂಗಳುಗಳೇ ಅತ್ಯಂತ ಅಪಾಯದ ಕಾಲ ಎಂಬುದನ್ನು ಆಗಲೇ ಹೇಳಿದೆ. ಆ ಕಾಲದಲ್ಲೇ ವೈದ್ಯರನ್ನು ದೂರವಿಡುವುದು ಎಷ್ಟು ಸರಿ? ಚಿಕಿತ್ಸೆಯಂತಹ ಅಗತ್ಯಕ್ಕೆ ಹೊರಹೋಗಲು ವಿದ್ವಾಂಸರು ಅನುಮತಿ ನೀಡಿದ್ದಾರೆ. ವಿಚ್ಛೇದನದ ಇದ್ದತ್‌ನಲ್ಲಿದ್ದ, ಜಾಬಿರ್(ರ)ರ ತಾಯಿಯ ಸಹೋದರಿ ತಮ್ಮ ಖರ್ಜೂರ ಕೊಯ್ಯಲು ಹೊರಟಾಗ ಒಬ್ಬರು ತಡೆದರು. ಪ್ರವಾದಿವರ್ಯರು(ಸ) ತೋಟಕ್ಕೆ ಹೋಗಲು ಅನುಮತಿ ಕೊಟ್ಟರು. ಕಾಫಿ, ಕರಿಮೆಣಸು ಕೊಯ್ದು ಬದುಕುವ ನಾಡಿನವರು ಇದನ್ನು ಮರೆಯಬಾರದು. ಪತಿ ತೀರಿದ ಕೆಲವೇ ದಿನಗಳಲ್ಲಿ ಹೆರಿಗೆಯಾಗಿ, ಮರುಮದುವೆಯ ನಿರೀಕ್ಷೆಯಲ್ಲಿ ಅಲಂಕರಿಸಿಕೊಂಡ ಸುಬೈಅ(ರ)ರನ್ನು ಒಬ್ಬರು ಆಕ್ಷೇಪಿಸಿದರು. ಪ್ರವಾದಿವರ್ಯರು(ಸ) ಆಕೆಯ ಪರವಾಗಿಯೇ ತೀರ್ಪು ನೀಡಿದರು.

ಮರುವಿವಾಹಕ್ಕೆ ನಿಜವಾದ ಅಡ್ಡಿ ಎಲ್ಲಿದೆ? ಅನೇಕ ಬಾರಿ ಬೆಳೆದ ಮಕ್ಕಳಲ್ಲಿದೆ. ಅರುವತ್ತರ ತಂದೆ ಒಂಟಿಯಾಗಿ ತೋಟದ ಮನೆಯಲ್ಲಿದ್ದಾರೆ. ಮಕ್ಕಳು ಬೆಂಗಳೂರಿನಲ್ಲಿ, ದುಬೈಯಲ್ಲಿ. ಆತ ಮದುವೆಯ ಮಾತೆತ್ತಿದರೆ 'ಈ ವಯಸ್ಸಿನಲ್ಲಿ ಮರ್ಯಾದೆ ತೆಗೆಯುತ್ತೀರಾ?' ಎನ್ನುತ್ತಾರೆ. ಒಳಗಿನ ಭಯ ತೋಟದ ಪಾಲಿನದು. ಲೆಕ್ಕ ಹಾಕೋಣ. ಮಕ್ಕಳಿರುವ ವ್ಯಕ್ತಿ ತೀರಿಕೊಂಡರೆ ಶರೀಅತ್ತಿನಂತೆ ಪತ್ನಿಯ ಪಾಲು ಎಂಟನೇ ಒಂದು. ಐದು ಎಕರೆ ತೋಟದಲ್ಲಿ ಅರುವತ್ತೆರಡೂವರೆ ಸೆಂಟು! ಹೆತ್ತ ತಾಯಿ ಬದುಕಿದ್ದರೆ ಅದೇ ಪಾಲು ಅವರಿಗೂ ಸಲ್ಲುತ್ತಿತ್ತು. ತಂದೆಯ ಮುಪ್ಪಿನ ಹತ್ತಿಪ್ಪತ್ತು ವರ್ಷಗಳ ನೆಮ್ಮದಿಗೆ ಅರುವತ್ತೆರಡೂವರೆ ಸೆಂಟು ದುಬಾರಿಯೇ?

ತಾಯಿಯ ವಿಷಯ ಬಂದರೆ ವಿರೋಧ ಇನ್ನೂ ಹೆಚ್ಚು. ಮೂವತ್ತೈದರ ವಿಧವೆಗೆ 'ಮಕ್ಕಳ ಮುಖ ನೋಡಿಕೊಂಡು ಇರು' ಎನ್ನುವವರು, ಅದೇ ವಯಸ್ಸಿನ ವಿಧುರನಿಗೆ 'ಮಕ್ಕಳನ್ನು ನೋಡಿಕೊಳ್ಳಲು ಒಬ್ಬಳು ಬೇಕಲ್ಲ' ಎನ್ನುತ್ತಾರೆ. ಮಕ್ಕಳು ಇಬ್ಬರಿಗೂ ಇದ್ದಾರೆ, ನ್ಯಾಯ ಮಾತ್ರ ಎರಡು. ಹಾಗೆಂದು ಬಲವಂತದ ಮರುಮದುವೆಯೂ ಸಲ್ಲದು. ಬರೀರಾ(ರ) ಎಂಬವರು ಪತಿಯ ಬಳಿಗೆ ಮರಳಲು ಸ್ವತಃ ಪ್ರವಾದಿವರ್ಯರು(ಸ) ಶಿಫಾರಸು ಮಾಡಿದಾಗಲೂ ಒಪ್ಪಲಿಲ್ಲ. ಆಕೆಯ ಇಚ್ಛೆಯನ್ನು ಗೌರವಿಸಲಾಯಿತು. ಒಂಟಿಯಾಗಿಯೇ ಇರಬಯಸುವವರಿಗೆ ಆ ಹಕ್ಕಿದೆ. ಆದರೆ ಆ ತೀರ್ಮಾನ ಅವರದಾಗಿರಬೇಕು.

ನಾವೇನು ಮಾಡಬಹುದು?

ಮೊದಲನೆಯದಾಗಿ, ಪ್ರತಿಯೊಂದು ಜಮಾಅತ್ ತನ್ನ ವ್ಯಾಪ್ತಿಯಲ್ಲಿ ಒಂಟಿಯಾಗಿರುವ ವೃದ್ಧರು, ವಿಧವೆಯರು, ವಿಚ್ಛೇದಿತೆಯರು ಎಷ್ಟು ಮಂದಿ ಎಂಬ ಪಟ್ಟಿ ಮಾಡಲಿ. ವಂತಿಗೆಯ ಪುಸ್ತಕದಲ್ಲಿ ಪ್ರತಿ ಮನೆಯ ಹೆಸರಿದೆ. ಅದೇ ಪುಸ್ತಕದಲ್ಲಿ ಈ ಮಾಹಿತಿಗೂ ಒಂದು ಕಾಲಮ್ ಇರಲಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅವರ ಮನೆಯ ಬಾಗಿಲು ತಟ್ಟಿ ವಿಚಾರಿಸಲು ಇಬ್ಬರು ಯುವಕರನ್ನು, ಇಬ್ಬರು ಸಹೋದರಿಯರನ್ನು ನೇಮಿಸುವುದಕ್ಕೆ ಖರ್ಚೇನೂ ಇಲ್ಲ. 2018 ಮತ್ತು 2019ರ ಪ್ರಕೋಪಗಳಲ್ಲಿ ನಮ್ಮ ಯುವಕರು ಜಾತಿ ಮತ ನೋಡದೆ ದುಡಿದರು. ಆ ಉತ್ಸಾಹ ಇಲ್ಲಿಯೂ ಬೇಕು, ಲೈನ್‌ಮನೆಗಳಲ್ಲಿರುವ ಒಂಟಿ ಕಾರ್ಮಿಕರವರೆಗೂ ತಲುಪಬೇಕು.

ಎರಡನೆಯದಾಗಿ, ಸರಕಾರಿ ಸೌಲಭ್ಯಗಳು. ರಾಜ್ಯದಲ್ಲಿ ವಿಧವಾ ವೇತನ 2021ರಲ್ಲಿ 600ರಿಂದ 800 ರೂಪಾಯಿಗೆ ಏರಿತು. 40ರಿಂದ 64 ವರ್ಷದ ಅವಿವಾಹಿತ ಮತ್ತು ವಿಚ್ಛೇದಿತ ಬಡ ಮಹಿಳೆಯರಿಗಾಗಿ 2013ರಲ್ಲಿ ಮನಸ್ವಿನಿ ಯೋಜನೆ ಬಂತು. ತಿಂಗಳಿಗೆ ಎಂಟುನೂರು ರೂಪಾಯಿಯಲ್ಲಿ ಒಂದು ಜೀವ ಮಾತ್ರೆ ಕೊಳ್ಳಬೇಕೇ, ಅಕ್ಕಿ ಕೊಳ್ಳಬೇಕೇ? ಚುನಾವಣೆಯ ಕಾಲದಲ್ಲಿ ನಮ್ಮ ಬಳಿ ಬರುವವರಿಗೆ ಈ ಪ್ರಶ್ನೆ ಕೇಳೋಣ. ಜೊತೆಗೆ, ಇರುವ ಸೌಲಭ್ಯಕ್ಕೆ ಅರ್ಜಿಯನ್ನಾದರೂ ತುಂಬಿಸಿಕೊಡೋಣ.

ಮೂರನೆಯದಾಗಿ, ವಿಧವೆ ಮತ್ತು ವಿಚ್ಛೇದಿತೆಯರ ವಿವಾಹ ಸಂಬಂಧವನ್ನು ಗೌರವದಿಂದ ಕುದುರಿಸುವ ವ್ಯವಸ್ಥೆ ಜಮಾಅತ್‌ನಲ್ಲಿಯೇ ಇರಲಿ. ಮಹಿಳೆಯರೂ ಅದರಲ್ಲಿರಲಿ. ಆಕೆಯ ಮಕ್ಕಳನ್ನು ಒಪ್ಪಿಕೊಳ್ಳುವ ಬಗ್ಗೆ, ಮಹ್ರ್ ಬಗ್ಗೆ, ವಾಸದ ಮನೆಯ ಬಗ್ಗೆ ಮೊದಲೇ ಬರವಣಿಗೆಯಲ್ಲಿ ಮಾತಾಗಲಿ. ವರದಕ್ಷಿಣೆಯ ಮಾತೆತ್ತಿದವರಿಗೆ ಅಲ್ಲಿ ಜಾಗವಿಲ್ಲದಿರಲಿ.

ನಾಲ್ಕನೆಯದಾಗಿ, ನಿಕಾಹ್‌ಗೆ ಮುಂಚೆ ವಧೂವರರಿಗೆ ತರಬೇತಿ ಇರಲಿ, ನಿಕಾಹ್ ಆದ ಮೇಲೆಯೂ ದಾರಿ ತೆರೆದಿರಲಿ. ಮನೆಯ ಜಗಳ ತಲಾಕಿನ ಮೆಟ್ಟಿಲೇರಿದ ಮೇಲೆ ಖತೀಬರನ್ನು ಕರೆಯುವ ಬದಲು, ಮೊದಲ ಬಿರುಕಿನಲ್ಲೇ ಬಲ್ಲವರ ಬಳಿ ಹೋಗುವ ರೂಢಿ ಬೆಳೆಯಲಿ. ಮನಸ್ಸು ಕುಗ್ಗಿದವರಿಗೆ ಕೇಂದ್ರ ಸರಕಾರದ ಟೆಲಿ ಮನಸ್ ಸಹಾಯವಾಣಿ 2022ರಿಂದ 14416 ಸಂಖ್ಯೆಯಲ್ಲಿದೆ. ಕರೆ ಉಚಿತ. ಈ ಸಂಖ್ಯೆಯನ್ನು ಮಸೀದಿಯ ಫಲಕದಲ್ಲಿ ನಮಾಝ್ ವೇಳಾಪಟ್ಟಿಯ ಪಕ್ಕದಲ್ಲಿ ಬರೆದು ಹಾಕೋಣ. ಹಿಂಸೆಗೆ ಗುರಿಯಾದ ಸಹೋದರಿಯರಿಗೆ 181 ಮಹಿಳಾ ಸಹಾಯವಾಣಿಯಿದೆ.

ಕೊನೆಯದಾಗಿ, ಖರ್ಚಿನ ಮಾತು. ಒಂದು ದಿನದ ಮದುವೆಗೆ ನಾವು ಲಕ್ಷಗಟ್ಟಲೆ ಸುರಿಯುತ್ತೇವೆ. ಕಲ್ಯಾಣ ಮಂಟಪ, ಬಿರಿಯಾನಿ, ವೀಡಿಯೊ ಎಲ್ಲವೂ ಬೇಕು. ಆ ಮದುವೆಯಿಂದ ಆರಂಭವಾಗುವ ನಲ್ವತ್ತು ವರ್ಷಗಳ ದಾಂಪತ್ಯಕ್ಕೆ ಸಮುದಾಯದ ಬಜೆಟ್ಟಿನಲ್ಲಿ ಒಂದು ರೂಪಾಯಿಯೂ ಇಲ್ಲ. ಆ ದಾಂಪತ್ಯ ಮುಗಿದು ಒಬ್ಬರು ಉಳಿದಾಗ ಅವರಿಗಾಗಿಯೂ ಏನೂ ಇಲ್ಲ. ಈ ವರ್ಷ ನಡೆಯುವ ಪ್ರತಿ ಮದುವೆಯ ಖರ್ಚಿನಿಂದ ಒಂದು ಸಣ್ಣ ಪಾಲನ್ನು ಒಂಟಿಯಾದವರ ಚಿಕಿತ್ಸೆಗೆ ಮೀಸಲಿಡುವ ತೀರ್ಮಾನವನ್ನು ಇಂದಿನ ಸಭೆ ಕೈಗೊಳ್ಳಬೇಕೆಂದು ನಾನು ವಿನಂತಿಸುತ್ತೇನೆ. ಹಿರಿಯರು ಇದನ್ನು ಇಲ್ಲೇ ಚರ್ಚಿಸಲಿ, ಸಹೋದರಿಯರ ಅಭಿಪ್ರಾಯವನ್ನೂ ಕೇಳಲಿ.

ನಮ್ಮ ಮನೆಗಳನ್ನು ನೆಮ್ಮದಿಯ ತಾಣಗಳಾಗಿ ಮಾಡಲು, ಒಂಟಿಯಾದವರ ಬಾಗಿಲು ತಟ್ಟಲು ಅಲ್ಲಾಹನು ನಮಗೆಲ್ಲ ಅನುಗ್ರಹಿಸಲಿ. ಆಮೀನ್.